ಬಿಟ್ಟಿ ಸಾಣೆ

ನಮ್ಮ ಬೀದಿಯಲ್ಲಿ ಒಂದಲ್ಲ ಒಂದು ಸಲ ಅವನ ಕೈಯಿಂದ ಏಟು ತಿನ್ನದ ಗಂಡಸು ಇದ್ದರೆ, ಅವನು ಮೊನ್ನೆ ಮೊನ್ನೆ ಬಂದು ಸೇರಿದವನೇ ಇರಬೇಕು. ಅವನನ್ನು ನಾವೆಲ್ಲ ಸಾಣೆ ಎಂದೇ ಕರೆಯುತ್ತಿದ್ದೆವು. ಚಾಕು, ಕತ್ತರಿ, ಮಚ್ಚು, ಕಟುಕರ ಕತ್ತಿ, ಯಾವುದೇ ಇರಲಿ, ಮೊಂಡಾದದ್ದನ್ನು ಹರಿತ ಮಾಡಿಕೊಡುವುದು ಅವನ ಕಸುಬು. ನನ್ನ ಹೊಲಿಗೆ ಅಂಗಡಿಗೂ ಅವನ ಅಂಗಡಿಗೂ ನಡುವೆ ಒಂದೇ ಗೋಡೆ. ಅವನ ಚಕ್ರ ತಿರುಗಿದರೆ ಈ ಕಡೆ ನನ್ನ ಗುಂಡಿಗಳ ಡಬ್ಬಿ ಗಿಲಗಿಲ ಎನ್ನುತ್ತಿತ್ತು. ಅವನ ಗಂಟಲು ಏರಿದರೆ ನಾನು ಶಟರ್ ಅರ್ಧ ಎಳೆದುಕೊಳ್ಳುತ್ತಿದ್ದೆ.

ಒಮ್ಮೆ ಮಾಂಸದಂಗಡಿಯವನು ಬಂದು, "ನೀನು ಹಿಡಿದ ಸಾಣೆ ಒಂದು ವಾರಾನೂ ಬಾಳಲ್ಲ ಕಣೋ" ಎಂದ. ಹೇಳಿದ್ದು ತಪ್ಪಲ್ಲ, ನಾಲ್ಕು ಗಿರಾಕಿಗಳ ಎದುರು ಹೇಳಿದ್ದು ತಪ್ಪು. ಅವನ ಎರಡು ಹಲ್ಲು ನನ್ನ ಹೊಸ್ತಿಲಿನವರೆಗೆ ಉರುಳಿಕೊಂಡು ಬಂದವು. ಸಾಣೆ ಬಗ್ಗಿ ಅವನ್ನು ಹೆಕ್ಕಿ, ತನ್ನ ಅಂಗಿಗೇ ಒರೆಸಿ, ಅವನ ಅಂಗೈಯಲ್ಲಿಟ್ಟು, "ಇವು ಎಷ್ಟು ವರ್ಷ ಬಾಳಿದ್ವು ನೋಡ್ಕೊ" ಎಂದು ಮತ್ತೆ ಚಕ್ರ ತುಳಿಯಲು ಕೂತ. ಸುಳ್ಳೇಕೆ ಹೇಳಲಿ, ನನಗೆ ನಗು ಬಂತು. ಆಮೇಲೆ ರಕ್ತ ತೊಳೆದವಳೂ ನಾನೇ, ಅವನ ಮುಖಕ್ಕೆ ಉಗಿದವಳೂ ನಾನೇ. ವಯಸ್ಸಿನಲ್ಲಿ ದೊಡ್ಡವಳೆಂದು ನನ್ನನ್ನು ಅಕ್ಕ ಅನ್ನುತ್ತಿದ್ದ. ನಾನು ಬೈದರೆ ತಲೆ ತಗ್ಗಿಸಿಕೊಂಡು ಕೇಳುತ್ತಿದ್ದ, ಮಾರನೆಯ ದಿನ ಮತ್ತೊಬ್ಬನಿಗೆ ಬಾರಿಸುತ್ತಿದ್ದ.

ಅವನಿಗೆ ಈ ಬುದ್ಧಿ ಎಲ್ಲಿಂದ ಬಂತೆಂದು ತಿಳಿಯಲು ದೂರ ಹೋಗಬೇಕಿಲ್ಲ. ಅವನಪ್ಪನೂ ಸಾಣೆ ಹಿಡಿಯುವವನೇ. ಮನೆ ತುಂಬ ಗಿರಾಕಿಗಳ ಚಾಕು, ಕುಡಿದು ಬರುವ ಗಂಡ, ಇಬ್ಬರು ಮಕ್ಕಳು. ಸಂಜೆಯಾಗುತ್ತಲೇ ತಾಯಿ ಚಾಕುಗಳನ್ನೆಲ್ಲ ಬಾಚಿ ಹಿಟ್ಟಿನ ಡಬ್ಬದಲ್ಲಿ ಹೂತಿಡುತ್ತಿದ್ದಳಂತೆ. ಒಂದು ದಿನ ಆ ಡಬ್ಬ ಅಪ್ಪನ ಕೈಗೆ ಸಿಕ್ಕಿತು. ಅವನು ಹೆಂಡತಿಯ ಜುಟ್ಟು ಹಿಡಿದು ಹಿಟ್ಟಿನೊಳಗೇ ಅವಳ ಮುಖ ಒತ್ತಿ ಹಿಡಿದಾಗ, ಮೀಸೆ ಮೊಳೆಯುತ್ತಿದ್ದ ಮಗ ಯಂತ್ರದ ಕಬ್ಬಿಣದ ಪೆಡಲ್ ಕಿತ್ತು ಅಪ್ಪನ ಮೊಣಕೈ ಮೇಲೆ ಬಿಟ್ಟ. ಮೂಳೆ ಮುರಿದ ಸದ್ದು ಪಕ್ಕದ ಮನೆಗೆ ಕೇಳಿಸಿತಂತೆ. ಆಮೇಲೆ ಅಪ್ಪ ಚಕ್ರ ಮುಟ್ಟಲಿಲ್ಲ, ಹೆಂಡತಿಯ ಮೇಲೂ ಕೈ ಮಾಡಲಿಲ್ಲ. ಚಕ್ರಕ್ಕೆ ಮಗ ಕೂತ.

ಇದನ್ನೆಲ್ಲ ಮಂಚದ ಕೆಳಗೆ ಮುದುಡಿಕೊಂಡು ನೋಡಿದವಳು ಅವನ ಪುಟ್ಟ ತಂಗಿ. ಅಣ್ಣನಿಗೆ ಸಿಟ್ಟು ಬಂದರೆ ಎಲ್ಲಿಯವರೆಗೆ ಹೋಗುತ್ತಾನೆಂದು ಅವಳಿಗೆ ಅಂದೇ ಅರ್ಥವಾಯಿತು. ದೊಡ್ಡವಳಾಗಿ ಮದುವೆಯಾದ ಮೇಲೆ ಅವಳು ಬಾಯಿ ಹೊಲಿದುಕೊಂಡು ಇದ್ದದ್ದು ಅದಕ್ಕೇ.

ಹೊಡೆಯುವುದರಲ್ಲಿ ಸಾಣೆ ಎಷ್ಟು ಧಾರಾಳಿಯೋ ಖರ್ಚಿನಲ್ಲಿ ಅಷ್ಟೇ ಜುಗ್ಗ. ವರ್ಷದ ಕೊನೆಯ ರಜೆ ಬಂತೆಂದರೆ ಊರಿಗೆ ಊರೇ ಹುಚ್ಚು ಹಿಡಿದಂತೆ ಆಡುತ್ತದೆ. ಎದುರಿನ ದೊಡ್ಡ ಅಂಗಡಿ ಅರ್ಧ ಬೆಲೆಯ ಬೋರ್ಡು ಹಾಕಿದ ಬೆಳಗ್ಗೆ, ಬಾಗಿಲು ತೆರೆಯುವ ಮೊದಲೇ ಜನ ಒಬ್ಬರನ್ನೊಬ್ಬರು ತುಳಿಯುತ್ತಾರೆ. ಒಂದು ವರ್ಷ ಒಂದೇ ಇಸ್ತ್ರಿಪೆಟ್ಟಿಗೆಗೆ ಇಬ್ಬರು ಹೆಂಗಸರು ಕೈ ಹಾಕಿ, ಒಬ್ಬಳು ಇನ್ನೊಬ್ಬಳ ಓಲೆಯನ್ನು ಕಿವಿಯ ಸಮೇತ ಹರಿದಳು. ಇಬ್ಬರೂ ಅದನ್ನು ಕೊಳ್ಳಲು ಬಂದದ್ದು ಯಾರಿಗೋ ಪ್ರೀತಿಯಿಂದ ಕೊಡುವುದಕ್ಕೆ! "ನೋಡಕ್ಕ, ದುಡ್ಡೂ ಕೊಟ್ಲು, ಕಿವೀನೂ ಕೊಟ್ಲು" ಎಂದು ಸಾಣೆ ತೊಡೆ ತಟ್ಟಿಕೊಂಡು ನಕ್ಕ.

ಅವನ ಉಡುಗೊರೆಯ ದಾರಿಯೇ ಬೇರೆ. ರಜೆಯ ವಾರ ಅಂಗಡಿ ಮುಚ್ಚಿ, ಅಪ್ಪನ ಕಾಲದ ಹೆಗಲಿಗೆ ಹಾಕಿಕೊಳ್ಳುವ ಚಕ್ರ ಹೊತ್ತುಕೊಂಡು, ನೆಂಟರು ಸ್ನೇಹಿತರ ಮನೆಮನೆಗೂ ಹೋಗುತ್ತಿದ್ದ. ಮನೆಯಲ್ಲಿರುವ ಚಾಕು ಕತ್ತರಿಗಳನ್ನೆಲ್ಲ ತರಿಸಿ, ಹೊರಗೆ ಕೂತು ಸಾಣೆ ಹಿಡಿದು, ಬಿಡಿಗಾಸು ಮುಟ್ಟದೆ ಎದ್ದು ಬರುತ್ತಿದ್ದ. ಬಣ್ಣದ ಕಾಗದ ಸುತ್ತುವ ಖರ್ಚೂ ಇಲ್ಲ. ನೆಂಟರು ಬೆನ್ನ ಹಿಂದೆ ಇದಕ್ಕೆ ಬಿಟ್ಟಿ ಸಾಣೆ ಎಂದು ಹೆಸರಿಟ್ಟಿದ್ದರು. ನಗುವವರು ನಗುತ್ತಲೇ ಪಕ್ಕದ ಮನೆಯ ಚಾಕುಗಳನ್ನೂ ಸೇರಿಸಿ ತಂದಿಡುತ್ತಿದ್ದರು, ನಾಚಿಕೆಗೆಟ್ಟವರು. ನನ್ನ ದೊಡ್ಡ ಕತ್ತರಿಗೂ ವರ್ಷಕ್ಕೊಮ್ಮೆ ಅದೇ ಯೋಗ. ನನಗೆ ಬಂದ ಉಡುಗೊರೆಗಳಲ್ಲಿ ವರ್ಷವಿಡೀ ಕೈಯಲ್ಲಿ ಇದ್ದದ್ದು ಅದೊಂದೇ. ಉಳಿದಂತೆ ಕಪಾಟಿನಲ್ಲಿ ಗಾಜಿನ ಹಂಸಗಳಿವೆ, ಅವುಗಳ ಧೂಳು ಒರೆಸಿ ಒರೆಸಿ ನನಗೆ ಸಾಕಾಗಿದೆ.

ಈ ಉಡುಗೊರೆಯನ್ನು ಬೇಡ ಎಂದವಳು ಒಬ್ಬಳೇ, ಅವನ ತಂಗಿ.

ಅವಳು ಲಾಂಡ್ರಿಯಲ್ಲಿ ಇಸ್ತ್ರಿ ಮಾಡುತ್ತಿದ್ದಳು. ಗಂಡ ಲಾರಿ ಓಡಿಸುತ್ತಿದ್ದ. ನೋಡಲು ಲಕ್ಷಣವಾಗಿದ್ದ, ಮಾತು ಬೆಣ್ಣೆಯಂತೆ, ಕೈ ದೊಡ್ಡದು. ಅವನು ಹೆಂಡತಿಗೆ ಕೊಡಿಸಿದ ಸಾಮಾನುಗಳಿಂದ ಆ ಎರಡು ಕೋಣೆಯ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಿಕ್ಸಿ, ಟಿ.ವಿ., ಗೋಡೆ ಗಡಿಯಾರ, ಕಾಲಿಗೆ ಮಸಾಜು ಮಾಡುವ ಯಂತ್ರ. ಆ ಒಂದೊಂದು ಪೆಟ್ಟಿಗೆಯೂ ಒಂದೊಂದು ಹೊಡೆತದ ಮಾರನೆಯ ದಿನ ಬಂದದ್ದು. ಇದು ಆಗ ನಮಗಾರಿಗೂ ಗೊತ್ತಿರಲಿಲ್ಲ, ಎಷ್ಟೋ ದಿನಗಳ ಮೇಲೆ ಅವಳೇ ನನಗೆ ಹೇಳಿದ್ದು. ಕೈಮೇಲಿನ ಸುಟ್ಟ ಗುರುತು ಇಸ್ತ್ರಿಯದು ಎನ್ನುತ್ತಿದ್ದಳು. ಬಟ್ಟೆ ಹೊಲಿಸಲು ಅಳತೆ ಕೊಡಲು ಬರುತ್ತಿರಲಿಲ್ಲ, ಉದ್ದ ತೋಳಿನ, ಕತ್ತು ಮುಚ್ಚುವ ಹಳೆಯ ಅಂಗಿಯೊಂದನ್ನು ಕಳಿಸಿ "ಇದೇ ಥರ ಹೊಲೀರಿ" ಎಂದು ಹೇಳಿಸುತ್ತಿದ್ದಳು.

ಆ ಗಂಡನಿಗೊಂದು ಆಟವಿತ್ತು. ಹೊಡೆದು ಸಾಕಾದ ಮೇಲೆ ಅಡಿಗೆಮನೆಯ ಚಾಕು ತಂದು ಅವಳ ಕುತ್ತಿಗೆಗೆ ಇಡುವುದು. ಮೊದಮೊದಲು ಅವಳು ತಾಯಿಯಂತೆ ಚಾಕುಗಳನ್ನು ಬಚ್ಚಿಟ್ಟಳು. ಬಚ್ಚಿಟ್ಟದ್ದಕ್ಕೇ ಎರಡರಷ್ಟು ಏಟು ಬಿದ್ದವು. ಆಮೇಲೆ ಅವಳಿಗೆ ಬೇರೆ ಉಪಾಯ ಹೊಳೆಯಿತು. ಗಂಡ ಲಾರಿ ಹತ್ತಿ ಹೋದ ದಿನ ಹಿತ್ತಲ ಮೆಟ್ಟಿಲ ಮೇಲೆ ಕೂತು, ಮನೆಯ ಮೂರೂ ಚಾಕುಗಳ ಬಾಯನ್ನು ಕಲ್ಲಿಗೆ ನಿಲ್ಲಿಸಿ ಉಜ್ಜಿ ಉಜ್ಜಿ ಮೊಂಡು ಮಾಡಿದಳು. ಆಗಾಗ ಮಾಡುತ್ತಲೇ ಇದ್ದಳು. ಅವನು ಚಾಕು ಇಟ್ಟು ಎಳೆದರೆ ಕೆಂಪಗೆ ಒಂದು ಬರೆ ಏಳುತ್ತಿತ್ತು, ಅಷ್ಟೆ. ಅವಳು ಕಿರುಚಿದರೆ ಅವನಿಗೆ ತೃಪ್ತಿಯಾಗಿ ಚಾಕು ಎಸೆದು ಹೊರಟುಹೋಗುತ್ತಿದ್ದ. ಅವಳ ಜೀವ ನಿಂತಿದ್ದದ್ದು ಆ ಮೊಂಡು ಅಲಗಿನ ಮೇಲೆ. ಅಣ್ಣನಿಗೆ ಹೇಳಿದ್ದರೆ ಗಂಡನ ಹೆಣ ಬೀಳುತ್ತಿತ್ತು, ಅಣ್ಣ ಜೈಲಿಗೆ ಹೋಗುತ್ತಿದ್ದ. ಅವಳ ಲೆಕ್ಕದಲ್ಲಿ ಟೊಮೇಟೊವನ್ನು ಕೈಯಲ್ಲಿ ಹರಿದು ಅಡಿಗೆ ಮಾಡುವುದು ಅದಕ್ಕಿಂತ ಸಲೀಸು.

ಇತ್ತ ಸಾಣೆ ವರ್ಷವರ್ಷವೂ ಚಕ್ರ ಹೊತ್ತು ಅವಳ ಬಾಗಿಲಿಗೆ ಹೋಗುತ್ತಿದ್ದ.

"ಎಲ್ಲಿ, ಚಾಕು ತಗೊಂಡ್ ಬಾ."

"ಬೇಡ ಅಣ್ಣ. ನನಗೆ ಮೊಂಡೇ ಅಭ್ಯಾಸ ಆಗಿದೆ. ಟೀ ಕುಡ್ಕೊಂಡು ಹೋಗು."

"ಸಾಣೆ ಹಿಡಿಯೋನ ತಂಗಿ ಮೊಂಡು ಚಾಕಲ್ಲಿ ಈರುಳ್ಳಿ ಹೆಚ್ತಾಳೆ ಅಂದ್ರೆ ಊರು ನಗುತ್ತೆ ಕಣೆ."

"ನಗಲಿ ಬಿಡು. ಅವರಪ್ಪನ ಗಂಟೇನು ಹೋಗುತ್ತೆ."

ಒಳಗಿನಿಂದ ಲಾರಿಯವನು ನಗುನಗುತ್ತ ಬರುತ್ತಿದ್ದ, ಕೈಯಲ್ಲಿ ರಿಬ್ಬನ್ ಕಟ್ಟಿದ ಪೆಟ್ಟಿಗೆ. "ತಗೊಳ್ಳಿ ಭಾವ, ನಿಮಗೊಂದು ಕೈಗಡಿಯಾರ. ನೀವೇನೂ ಕೊಡೋದು ಬೇಡ, ಪಾಪ. ಇವಳಿಗೆ ಚಾಕು ಯಾಕೆ, ನಾನು ಮಿಕ್ಸಿ ಕೊಡಿಸಿದೀನಲ್ಲ."

ಸಾಣೆ ಬುಸುಗುಟ್ಟುತ್ತ ವಾಪಸು ಬಂದು ನನ್ನ ಸ್ಟೂಲಿಗೆ ಒದೆಯುತ್ತಿದ್ದ. "ಅವಳಿಗೂ ಈಗ ಪೆಟ್ಟಿಗೆ ಬೇಕು ಅಕ್ಕ. ಅಣ್ಣನ ಬೆವರು ಬೇಡ. ಅವಳ ಗಂಡ ನೋಡು, ಹೇಗೆ ಸುರೀತಾನೆ. ನಾನು ಜುಗ್ಗ."

"ಜುಗ್ಗ ಅನ್ನೋದು ಸುಳ್ಳೇನೋ?" ಎಂದೆ ನಾನು. "ಬೇಡ ಅಂದ್ರೆ ಬಿಟ್ಬಿಡು. ಕೊಡೋದನ್ನೂ ಬಲವಂತವಾಗಿ ಕೊಡ್ತಾರೇನೋ ಯಾರಾದ್ರೂ?"

"ಊರಿಗೆಲ್ಲ ಕೊಟ್ಟು ಒಡಹುಟ್ಟಿದೋಳನ್ನ ಬಿಡ್ಲಾ?" ಎಂದ. ಅವನ ಕಣ್ಣಲ್ಲಿ ನೀರಿತ್ತು. ಅದೇ ಸಿಟ್ಟಿನಲ್ಲಿ ಹೊರಗೆ ಹೋಗಿ, ಅಂಗಡಿಗೆ ಅಡ್ಡ ಗಾಡಿ ನಿಲ್ಲಿಸಿದ್ದವನ ಕನ್ನಡಿ ಒಡೆದ.

ಆ ವರ್ಷ ರಜೆಯ ದಿನ ಬೆಳಗ್ಗೆ ಅವನು ಹೋದಾಗ ತಂಗಿ ಮನೆಯಲ್ಲಿರಲಿಲ್ಲ, ಹಾಲು ತರಲು ಹೋಗಿದ್ದಳು. ಗಂಡ ಉಡುಗೊರೆ ಕೊಳ್ಳಲು ಪೇಟೆಗೆ ಹೋಗಿದ್ದ. ಬೀಗದ ಕೈ ಕುಂಡದ ಕೆಳಗಿರುವುದು ಅಣ್ಣನಿಗೆ ಗೊತ್ತು. ಒಳಗೆ ಹೋಗಿ ಮೂರೂ ಚಾಕು ತಂದು, ಹಿತ್ತಲ ಮೆಟ್ಟಿಲ ಮೇಲೆ ಕೂತು, ಜನ್ಮದಲ್ಲಿ ಹಿಡಿಯದಂಥ ಸಾಣೆ ಹಿಡಿದ. ಎಲ್ಲಿದ್ದವೋ ಅಲ್ಲೇ ಇಟ್ಟು, ಬೀಗ ಹಾಕಿ, ಕದ್ದು ಬಂದವನಂತೆ ನಗುತ್ತ ನನ್ನ ಅಂಗಡಿಗೆ ಬಂದ.

"ಗೊತ್ತಾಯ್ತು ಅಕ್ಕ, ಯಾಕೆ ಬೇಡ ಅಂತಿದ್ಲು ಅಂತ. ಚಾಕು ಬಾಯಿ ನೋಡ್ದೆ. ಬಳಸಿ ಸವೆದಿದ್ದಲ್ಲ, ಪೂರ್ತಿ ಚಪ್ಪಟೆ! ಮೆಟ್ಟಿಲ ಕಲ್ಲಿನ ಮೇಲೆಲ್ಲ ಬಿಳೀ ಗೀರು. ಹುಚ್ಚಿ, ತಾನೇ ಸಾಣೆ ಹಿಡಿಯೋಕೆ ಹೋಗಿದ್ದಾಳೆ! ಅಲಗನ್ನ ವಾರೆ ಮಾಡಿ ಉಜ್ಜಬೇಕು ಅಂತಾನೂ ಗೊತ್ತಿಲ್ದೆ ನೆಟ್ಟಗೆ ನಿಲ್ಲಿಸಿ ಉಜ್ಜಿದ್ದಾಳೆ. ಅದನ್ನ ನನಗೆ ತೋರಿಸೋಕೆ ನಾಚಿಕೆ ಆಗಿ ಬೇಡ ಅಂತಿದ್ದಾಳೆ ಅಷ್ಟೆ." ಮುಂಗೈ ತೋರಿಸಿದ. ಹರಿತ ನೋಡಲು ಎಳೆದ ಕಡೆ ರೋಮವೆಲ್ಲ ನುಣ್ಣಗೆ ಹೋಗಿತ್ತು. "ಈರುಳ್ಳಿ ಹೆಚ್ಚೋವಾಗ ಗೊತ್ತಾಗುತ್ತೆ ಅವಳಿಗೆ. ಆಗ ಅವಳ ಮುಖ ನೋಡ್ಬೇಕು!"

ಬೇರೆ ಯಾರೇ ಆಗಿದ್ದರೂ ಆ ಗೀರುಗಳನ್ನು ನೋಡಿ ಇದೇನೋ ಸರಿಯಿಲ್ಲ ಎಂದುಕೊಳ್ಳುತ್ತಿದ್ದರು. ಚಾಕುವನ್ನು ಬೇಕೆಂದೇ ಯಾರಾದರೂ ಮೊಂಡು ಮಾಡುತ್ತಾರೆ ಎಂಬುದು ಅವನ ತಲೆಗೆ ಹೊಳೆಯುವುದು ಸಾಧ್ಯವೇ ಇರಲಿಲ್ಲ. ಅಷ್ಟು ಖುಷಿಯಾಗಿದ್ದ ಅವನನ್ನು ನಾನು ಮತ್ತೆಂದೂ ನೋಡಲಿಲ್ಲ. ಹಾಡು ಗುನುಗುತ್ತ ನನ್ನ ಕತ್ತರಿ ಎತ್ತಿಕೊಂಡು ಹೋದ.

ಮಧ್ಯಾಹ್ನ ತಂಗಿಯ ಮನೆಗೆ ಗಂಡ ಬಂದ, ತನ್ನ ಲಾರಿ ಮಾಲೀಕನಿಗೆ ಕೊಡಲು ಗಾಜಿನ ತಟ್ಟೆಗಳ ದೊಡ್ಡ ಪೆಟ್ಟಿಗೆ ಹೊತ್ತುಕೊಂಡು. ಅವಳು ಇನ್ನೂ ಅಡಿಗೆಗೆ ಕೈ ಹಾಕಿರಲಿಲ್ಲ, ಚಾಕು ಮುಟ್ಟಿರಲಿಲ್ಲ. ಪೆಟ್ಟಿಗೆ ನೋಡಿ ಬಾಯಿ ತಪ್ಪಿ ಅಂದಳು: "ಮನೆ ಬಾಡಿಗೆ ಇನ್ನೂ ಕಟ್ಟಿಲ್ಲ. ಸಣ್ಣದೇನಾದ್ರೂ ಕೊಟ್ಟಿದ್ರೆ ಆಗ್ತಿರ್ಲಿಲ್ವಾ?"

"ಬಂತು ನೋಡು ನಿಮ್ಮಣ್ಣನ ಬುದ್ಧಿ. ಬಿಟ್ಟಿ ವಂಶ!"

ಮೊದಲ ತಟ್ಟೆ ಅವಳ ಭುಜಕ್ಕೆ ಬಿತ್ತು. ಎರಡನೆಯದು ಹಣೆ ಒಡೆಯಿತು. ಉಳಿದವನ್ನು ಗೋಡೆಗೆ, ನೆಲಕ್ಕೆ, ಅವಳ ಬೆನ್ನಿಗೆ, ಸಿಕ್ಕಸಿಕ್ಕಲ್ಲಿಗೆ ಎಸೆದ. ಗಾಜಿನ ಚೂರಿನ ಮೇಲೆ ಅವಳನ್ನು ಜುಟ್ಟು ಹಿಡಿದು ಎಳೆದಾಡಿದ. ಕಡೆಗೆ ಎಂದಿನಂತೆ ಚಾಕು ತಂದ. ಅವಳು ಬೇಗ ಮುಗಿಯಲಿ ಎಂದು ಮೊದಲೇ ಕಿರುಚಿದಳು, ಹಾಗೆ ಕಿರುಚುವುದು ಅವಳಿಗೆ ರೂಢಿಯಾಗಿತ್ತು. ಅವನು ಕುತ್ತಿಗೆಗೆ ಇಟ್ಟು ಎಳೆದ. ಈ ಸಲ ಬರೆ ಏಳಲಿಲ್ಲ, ಕುತ್ತಿಗೆ ಬಾಯಿ ಬಿಟ್ಟಿತು.

ಅವನು ಚಾಕುವನ್ನೇ ನೋಡುತ್ತ ನಿಂತನಂತೆ. ಆಮೇಲೆ ಬಿಸಾಕಿ ಓಡಿದ. ಅವಳು ಎರಡೂ ಕೈಯಲ್ಲಿ ಕುತ್ತಿಗೆ ಅದುಮಿಕೊಂಡು, ಬರಿಗಾಲಲ್ಲಿ ಗಾಜು ತುಳಿದುಕೊಂಡು, ಬೀದಿಗೆ ಬಂದು ಬಿದ್ದಳು. ಪಕ್ಕದ ಮನೆಯವರು ಹಾಸಿಗೆ ಹೊದಿಕೆ ಸುತ್ತಿ ತರಕಾರಿಯ ಟೆಂಪೋದಲ್ಲಿ ಆಸ್ಪತ್ರೆಗೆ ಹಾಕಿಕೊಂಡು ಹೋದರು.

ಸುದ್ದಿ ತಂದವಳು ಆ ಪಕ್ಕದ ಮನೆಯ ಹೆಂಗಸೇ, ಉಸಿರು ಸಿಗದೆ ಏದುತ್ತಿದ್ದಳು, ಬಟ್ಟೆಯೆಲ್ಲ ರಕ್ತ. ಗಿರಾಕಿಯದೊಂದು ಕಟುಕರ ಕತ್ತಿ ಬೆಂಚಿನ ಮೇಲಿತ್ತು, ಸಾಣೆ ಅದನ್ನೆತ್ತಿಕೊಂಡು ಲಾರಿ ನಿಲ್ದಾಣದ ಕಡೆ ಓಡಿದ. ನಾನೂ ಎಲ್ಲ ಬಿಟ್ಟು ಹಿಂದೆ ಓಡಿದೆ. ಆಗಿನ ನನ್ನ ಭಯ ಒಂದೇ, ಇವತ್ತು ಒಂದೇ ಮನೆಯಲ್ಲಿ ಎರಡು ಜೀವ ಹೋಗುತ್ತವೆ, ಮೂರನೆಯದು ಜೈಲಿಗೆ ಹೋಗುತ್ತದೆ.

ಲಾರಿಯವನು ತನ್ನ ಲಾರಿಯೊಳಗೆ ಕೂತು ಕಿಟಕಿ ಏರಿಸಿಕೊಂಡು ಕೀಲಿ ತಿರುಗಿಸುತ್ತಿದ್ದ. ಸಾಣೆ ಬರಿ ಮುಷ್ಟಿಯಿಂದ ಗಾಜು ಒಡೆದು, ಕೊರಳಪಟ್ಟಿ ಹಿಡಿದು, ಅವನನ್ನು ಕಿಟಕಿಯಿಂದಲೇ ಹೊರಗೆ ಎಳೆದ. ಮೂಗು ಅಪ್ಪಚ್ಚಿಯಾಗುವವರೆಗೆ ಗುದ್ದಿದ. ಪಕ್ಕೆಗೆ ಒದ್ದಾಗ ಒಣಕಟ್ಟಿಗೆ ಮುರಿದಂತೆ ಸದ್ದಾಯಿತು. ಅಷ್ಟೊಂದು ಡ್ರೈವರುಗಳಿದ್ದರು, ಒಬ್ಬನೂ ಮುಂದೆ ಬರಲಿಲ್ಲ. ಸಾಣೆ ಅವನ ಎದೆಯ ಮೇಲೆ ಮಂಡಿಯೂರಿ ಕತ್ತಿಯನ್ನು ಕುತ್ತಿಗೆಗೆ ಇಟ್ಟ.

"ಬೇಡ ಕಣೋ!" ಎಂದು ನಾನು ಅರಚಿದೆ. "ಅವಳು ಇನ್ನೂ ಉಸಿರಾಡ್ತಿದ್ದಾಳೋ! ಅವಳಿಗೆ ನೀನೊಬ್ನೇ ಇರೋದು!"

ಅವನಿಗೆ ನನ್ನ ಮಾತು ಕೇಳಿಸಲೇ ಇಲ್ಲ. ಕೇಳಿಸಿದ್ದು ಕೆಳಗೆ ಬಿದ್ದಿದ್ದವನ ಮಾತು. ಅವನು ರಕ್ತ ಉಗುಳುತ್ತ ಗೋಗರೆಯುತ್ತಿದ್ದ. "ದೇವರಾಣೆ ಗೊತ್ತಿರ್ಲಿಲ್ಲ ಭಾವ. ಹೆದರಿಸೋಕೆ ಅಂತ ಯಾವಾಗ್ಲೂ ಇಡ್ತಿದ್ದೆ. ಯಾವತ್ತೂ ಕುಯ್ದಿರ್ಲಿಲ್ಲ. ಅದು ಮೊಂಡು ಚಾಕು ಭಾವ. ಯಾವನೋ ಸಾಣೆ ಹಿಡಿದುಬಿಟ್ಟಿದ್ದಾನೆ."

ಸಾಣೆಯ ಕೈ ನಿಂತಿತು. "ಯಾವಾಗ್ಲೂ?" ಎಂದ. ಮತ್ತೆ, ಸಣ್ಣ ಮಗುವಿನಂತೆ, "ಯಾವಾಗ್ಲೂ ಇಡ್ತಿದ್ಯಾ?"

ಆ ಮೆಟ್ಟಿಲ ಕಲ್ಲಿನ ಬಿಳಿ ಗೀರುಗಳು ಅವನಿಗೆ ಆಗ ಅರ್ಥವಾಗಿರಬೇಕು. ಕತ್ತಿ ಕೈಯಿಂದ ಜಾರಿತು. ಎದ್ದು ನಾಲ್ಕು ಹೆಜ್ಜೆ ನಡೆದು, ಲಾರಿಯ ಗಾಲಿ ಹಿಡಿದುಕೊಂಡು ವಾಂತಿ ಮಾಡಿದ. ಕೊನೆಗೂ ಧೈರ್ಯ ಬಂದ ಡ್ರೈವರುಗಳು ಸರಕು ಕಟ್ಟುವ ಹಗ್ಗದಿಂದ ಆ ಲಾರಿಯವನನ್ನು ಕಟ್ಟಿ ಪೊಲೀಸರಿಗೆ ಕೊಟ್ಟರು. ಅವನು ಈಗಲೂ ಒಳಗೇ ಇದ್ದಾನೆ. ಕೊಳೆಯಲಿ.

ತಂಗಿ ಬದುಕಿದಳು. ಮುಖ್ಯ ನರ ಕೂದಲೆಳೆಯಲ್ಲಿ ತಪ್ಪಿತಂತೆ. ಧ್ವನಿ ಮಾತ್ರ ಒಡೆದು ಗೊಗ್ಗರಾಯಿತು. ಅವಳು ಆಸ್ಪತ್ರೆಯಲ್ಲಿದ್ದಷ್ಟು ದಿನವೂ ಸಾಣೆ ವಾರ್ಡಿನ ಬಾಗಿಲಾಚೆ ನಿಂತ, ಒಳಗೆ ಕಾಲಿಡಲಿಲ್ಲ. ಅವಳು ಮನೆಗೆ ಬಂದ ದಿನ, ಅಪ್ಪನ ಕಾಲದ ಆ ಹೆಗಲ ಚಕ್ರವನ್ನು ಬೀದಿಗೆ ತಂದು ಸುತ್ತಿಗೆಯಿಂದ ಬಡಿದು ಪುಡಿ ಮಾಡಿದ. ಕಲ್ಲಿನ ಚೂರು ಸಿಡಿದು ಕೆನ್ನೆ ಸೀಳಿದರೂ ಒರೆಸಿಕೊಳ್ಳಲಿಲ್ಲ. ಆಮೇಲೆ ಅಂಗಡಿಯ ದೊಡ್ಡ ಚಕ್ರದಲ್ಲಿ ಕಟುಕರ ಕತ್ತಿ ಮಾತ್ರ ಹಿಡಿಯುತ್ತಿದ್ದ, ಮನೆ ಚಾಕು ತಂದವರನ್ನು ವಾಪಸು ಕಳಿಸುತ್ತಿದ್ದ. ಹಲ್ಲು ಹೋದ ಆ ಮಾಂಸದಂಗಡಿಯವನು ಇದೇ ಸಮಯವೆಂದು ಬಂದು, ಎಲ್ಲರೆದುರು ಅವನ ಕೆನ್ನೆಗೆ ಬಾರಿಸಿದ. ಸಾಣೆ ಸುಮ್ಮನೆ ನಿಂತು ಇನ್ನೊಂದು ಏಟಿಗೂ ಮುಖ ಕೊಟ್ಟ. ಅವನು ಹೊಡೆಯುತ್ತಿದ್ದ ದಿನಗಳಲ್ಲಿ ಒಂದು ಸಲವೂ ಅಳದ ನಾನು ಅಂದು ಅತ್ತುಬಿಟ್ಟೆ.

ಮತ್ತೆ ವರ್ಷದ ಕೊನೆಯ ರಜೆ ಬಂತು. ಜುಗ್ಗ ಸಾಣೆ ಎದುರಿನ ಅಂಗಡಿಯ ನೂಕುನುಗ್ಗಲಿಗೆ ಹೋಗಿ, ಅಂಗಿ ಹರಿಸಿಕೊಂಡು, ಎಲ್ಲ ಮನೆಗೂ ರಿಬ್ಬನ್ ಕಟ್ಟಿದ ಪೆಟ್ಟಿಗೆ ತಂದ. ನನ್ನ ಪೆಟ್ಟಿಗೆಯಲ್ಲಿ ಇನ್ನೊಂದು ಗಾಜಿನ ಹಂಸ!

"ನನ್ನ ಕತ್ತರಿ ಬಟ್ಟೆ ಕತ್ತರಿಸಲ್ಲ, ಬರೀ ಅಗಿಯುತ್ತೆ" ಎಂದು ಸಿಡುಕಿದೆ. "ಈ ಹಂಸ ತಗೊಂಡು ಏನ್ ಮಾಡ್ಲೋ, ತಲೆಗೆ ಬಡ್ಕೊಳ್ಳಲಾ?" ಅವನು ಉಳಿದ ಪೆಟ್ಟಿಗೆಗಳನ್ನು ಎತ್ತಿಕೊಂಡು ಹೋದ.

ಅದೇ ಬೆಳಗ್ಗೆ ಅವನ ತಂಗಿ ನನ್ನಲ್ಲಿಗೆ ಬಂದಳು. ಲಾಂಡ್ರಿಯ ಮೇಲಿನ ಕೋಣೆಯಲ್ಲಿ ಈಗ ಒಬ್ಬಳೇ ಇದ್ದಾಳೆ ಎಂದು ಕೇಳಿದ್ದೆ. ಹಳೆಯ ಅಂಗಿ ಕಳಿಸಿರಲಿಲ್ಲ, ತಾನೇ ಅಳತೆ ಕೊಡಲು ಬಂದಿದ್ದಳು. "ಕತ್ತು ಅಗಲ ಇಡಿ ಅಕ್ಕ, ಇಸ್ತ್ರಿ ಮುಂದೆ ಸೆಖೆ" ಎಂದಳು ಆ ಗೊಗ್ಗರು ದನಿಯಲ್ಲಿ. ಅಳತೆಯ ಟೇಪು ಆ ಗಾಯದ ಗೆರೆ ದಾಟುವಾಗ ಅವಳೇ ಕತ್ತು ಎತ್ತಿ ಕೊಟ್ಟಳು. ಆಮೇಲೆ ಕಾಗದ ಸುತ್ತಿದ ಏನನ್ನೋ ಚೀಲದಿಂದ ತೆಗೆದು ಪಕ್ಕದ ಅಂಗಡಿಗೆ ನಡೆದಳು. ನಾನು ಬಾಗಿಲಲ್ಲಿ ನಿಂತೆ.

ಬೆಂಚಿನ ಮೇಲೆ ಚಾಕು ಇಟ್ಟು ಅವಳು ಹೇಳಿದಳು, "ಇದಕ್ಕೆ ಸಾಣೆ ಹಿಡಿ."

ಸಾಣೆ ಹಾವು ಕಂಡವನಂತೆ ಗೋಡೆಗೆ ಒತ್ತಿಕೊಂಡ. "ನನ್ ಕೈಲಿ ಆಗಲ್ಲ."

"ಯಾಕೆ, ಎಲ್ರಿಗೂ ಉಡುಗೊರೆ, ನನಗಿಲ್ವಾ?"

"ನಿನಗೂ ತಂದಿದೀನಿ." ಮೂಲೆಯಲ್ಲಿದ್ದ ಎಲ್ಲಕ್ಕಿಂತ ದೊಡ್ಡ ಪೆಟ್ಟಿಗೆಯತ್ತ ಕೈ ತೋರಿಸಿದ. "ಕೊಡೋಕೆ ಬರೋಕೆ ಮುಖ ಇರ್ಲಿಲ್ಲ."

ಅವಳು ಅದರತ್ತ ತಿರುಗಿಯೂ ನೋಡಲಿಲ್ಲ. "ಪೆಟ್ಟಿಗೆ ನೋಡಿ ನೋಡಿ ನನಗೆ ಸಾಕಾಗಿದೆ ಅಣ್ಣ. ಈಗ ಮನೇಲಿ ನಾನೊಬ್ಳೇ ಇರೋದು. ಮೊಂಡು ಚಾಕು ಇಟ್ಕೊಂಡು ಏನ್ ಮಾಡ್ಲಿ?"

ಅವನು ಗೋಡೆಗೆ ಹಣೆ ಬಡಿದುಕೊಳ್ಳತೊಡಗಿದ. ನನ್ನ ಕಡೆ ಗುಂಡಿಗಳ ಡಬ್ಬಿ ಕೆಳಗೆ ಬಿತ್ತು. ಅವಳು ಅವನ ಅಂಗಿ ಹಿಡಿದು ಎಳೆದು ಚಕ್ರದ ಮುಂದೆ ಕೂರಿಸಿದಳು. "ತುಳಿಯೋ, ಮುಂಡೇದೆ!" ಎಂದು ನಾನೂ ಬಾಗಿಲಿನಿಂದ ಗದರಿದೆ.

ತುಳಿದ. ಕಿಡಿ ಹಾರಿತು. ಕಣ್ಣಲ್ಲಿ ನೀರು ಸುರಿಯುತ್ತಿದ್ದರೂ ಅವನ ಕೈ ಅಲಗನ್ನು ವಾರೆಯಾಗಿ ಹಿಡಿಯುವುದನ್ನು ಮರೆತಿರಲಿಲ್ಲ. ಮುಗಿದ ಮೇಲೆ ಮುಂಗೈ ಮೇಲೆ ಹರಿತ ನೋಡಲಿಲ್ಲ. ಚಾಕುವನ್ನು ಹಿಡಿಯ ಕಡೆಯಿಂದ ಅವಳಿಗೆ ಕೊಟ್ಟು, ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡ.

ಅವಳು ಚೀಲದಿಂದ ಒಂದು ಟೊಮೇಟೊ ತೆಗೆದು ಬೆಂಚಿನ ಮೇಲಿಟ್ಟು ಹೆಚ್ಚಿದಳು. ಸದ್ದೇ ಆಗಲಿಲ್ಲ, ಎರಡು ಹೋಳಾಗಿ ಬಿತ್ತು. ಒಂದನ್ನು ಅವನ ಕೈಯಲ್ಲಿ ಇಟ್ಟಳು. ಒದ್ದೆ ತಾಗಿದ್ದೇ ಅವನು ಬೆಚ್ಚಿ ನಡುಗಿದ.

"ಕಣ್ಣು ಬಿಡು ಅಣ್ಣ" ಎಂದಳು. "ಟೊಮೇಟೊ ಅಷ್ಟೆ."